ಲೆನ್ಸ್ ಇಲ್ಲದ ಫೋಟೋ

ಚುಕ್ಕಿಯ ಸೋದರಮಾವನಿಗೆ ಮನೆಯವರು ಇಟ್ಟಿದ್ದ ಹೆಸರು ಬೀಗದ ಮಾವ. ಅದನ್ನು ಕೇಳಿ, ಯಾರೋ ಬೀಗರ ಕಡೆಯವರಿರಬೇಕು ಎಂದುಕೊಂಡವರೂ ಇದ್ದರು. ಅಸಲು ಸಂಗತಿಯೆಂದರೆ ಮಾವ ಸಕ್ಕರೆ ಡಬ್ಬಿಗೂ ಬೀಗ ಹಾಕುವ ಆಸಾಮಿ. ಒಂದು ಗಡಿಯಾರ ತೋರಿಸಿದ ಹೊತ್ತನ್ನು ಇನ್ನೊಂದು ಗಡಿಯಾರ ನೋಡಿಯೇ ಒಪ್ಪುವವರು. ಇಡೀ ಬಳಗದಲ್ಲಿ ಅವರು ಒಂದಿಷ್ಟಾದರೂ ನಂಬುತ್ತಿದ್ದುದು ತಂಗಿಯ ಮಗಳನ್ನು. ಅವಳ ಗಲ್ಲದ ಮೇಲಿನ ಮಚ್ಚೆ ನೋಡಿ ಚುಕ್ಕಿ ಎಂದು ಕರೆದವರೂ ಅವರೇ.

ಅಂಥವರ ಎದುರು ಕೂತು ಚುಕ್ಕಿ ಒಂದು ಭಾನುವಾರ, "ಮಾವ, ನಿಮ್ಮ ಆ ಹಳೇ ಲೆನ್ಸ್ ಸ್ವಲ್ಪ ದಿನದ ಮಟ್ಟಿಗೆ ಕೊಡ್ತೀರಾ?" ಎಂದಳು.

ಮಾವ ಓದುತ್ತಿದ್ದ ಪೇಪರು ಮಡಿಚಿದರು. "ಯಾರು ಕೇಳು ಅಂದ್ರು?"

"ಯಾರೂ ಅಲ್ಲ ಮಾವ. ನನಗೇ ಬೇಕು."

ಚುಕ್ಕಿ ಒಂದು ವಸ್ತುಸಂಗ್ರಹಾಲಯದಲ್ಲಿ ಫೋಟೋಗ್ರಾಫರ್. ಅಲ್ಲಿನ ಹಳೆಯ ಗಾಜಿನ ಸಾಮಾನೆಲ್ಲ ಬೇರೆ ಊರಿನ ಪ್ರದರ್ಶನಕ್ಕೆ ಹೋಗುವುದಿತ್ತು. ಹೋಗುವ ಮುಂಚೆ ಒಂದೊಂದನ್ನೂ ಹತ್ತಿರದಿಂದ ಫೋಟೋ ತೆಗೆದಿಡಬೇಕು. ಸರಿಯಾಗಿ ಆಗಲೇ ಸಣ್ಣ ವಸ್ತುಗಳನ್ನು ಹತ್ತಿರದಿಂದ ಹಿಡಿಯುವ ಲೆನ್ಸಿನ ಮೋಟಾರು ಕೈಕೊಟ್ಟಿತ್ತು. ರಿಪೇರಿಗೆ ಕಳಿಸಿದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮಾವ ಸ್ಟುಡಿಯೋ ಇಟ್ಟಿದ್ದ ಕಾಲದಲ್ಲಿ ಒಡವೆ ಅಂಗಡಿಯವರಿಗೆ ಉಂಗುರದ ಫೋಟೋ, ಹಲ್ಲಿನ ಡಾಕ್ಟರಿಗೆ ಹಲ್ಲಿನ ಫೋಟೋ ತೆಗೆಯುತ್ತಿದ್ದ ಲೆನ್ಸು ಬೀರುವಿನಲ್ಲಿ ಸುಮ್ಮನೆ ಕೂತಿತ್ತು. ಅದಕ್ಕೆ ಮೋಟಾರಿಲ್ಲ, ತಂತಿಯಿಲ್ಲ. ಬರೀ ಲೋಹ ಮತ್ತು ಗಾಜು. ಎಲ್ಲವನ್ನೂ ಕೈಯಲ್ಲೇ ತಿರುಗಿಸಬೇಕು.

"ಮಾರಿಬಿಡ್ತೀಯೇನೋ," ಎಂದರು ಮಾವ.

"ಹಾಗಾದ್ರೆ ನೀವೇ ಜೊತೆಗೆ ಬನ್ನಿ. ಲೆನ್ಸ್ ನಿಮ್ಮ ಕೈಯಲ್ಲೇ ಇರಲಿ."

ಒಳಗಿನಿಂದ ಅತ್ತೆ ನಕ್ಕರು. "ಕರ್ಕೊಂಡು ಹೋಗಮ್ಮ. ನನಗೂ ಸ್ವಲ್ಪ ಉಸಿರಾಡೋಕೆ ಬಿಡುವು ಸಿಗುತ್ತೆ."

ಆ ಲೆನ್ಸು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಅದರ ಹಿಂಬದಿಯ ತಿರುಪು ಈಗಿನ ಡಿಜಿಟಲ್ ಕ್ಯಾಮೆರಾದ ಬಾಯಿಗೆ ಕೂರುವುದಿಲ್ಲ, ಎರಡನ್ನೂ ಕೂಡಿಸುವ ಅಡಾಪ್ಟರ್ ಯಾವ ಅಂಗಡಿಯಲ್ಲೂ ಇಲ್ಲ. ಕ್ಯಾಮೆರಾ ಕಡೆಗೆ ಕೂರುವ ಬಳೆಯೊಂದನ್ನು ಕೊಂಡು, ಲೆನ್ಸ್ ಕಡೆಯ ತುಂಡನ್ನು ಲೇತ್ ಯಂತ್ರದ ಮೇಲೆ ಕಡೆಸಿ ಅದಕ್ಕೆ ಜೋಡಿಸುವುದೆಂದು ಚುಕ್ಕಿ ಲೆಕ್ಕ ಹಾಕಿದ್ದಳು. ಬಳೆ ದಪ್ಪವಾದರೆ ದೂರದ್ದು ಮಸುಕು. ತೆಳುವಾದರೆ ಲೆನ್ಸಿನ ಮೇಲೆ ಬರೆದಿರುವ ದೂರಕ್ಕೂ ಕಾಣುವುದಕ್ಕೂ ತಾಳೆಯಾಗುವುದಿಲ್ಲ. ಲೇತ್ ಅಂಗಡಿಯವನು ಲೆನ್ಸನ್ನು ಅಳೆಯಲು ಕೈ ಚಾಚಿದರೆ ಮಾವ ಕೊಡಲಿಲ್ಲ. ತಾವೇ ಎರಡೂ ಕೈಯಲ್ಲಿ ಹಿಡಿದು ನಿಂತು, "ಹೀಗೇ ಅಳತೆ ತಗೋ," ಎಂದರು. ಬಳೆ ತಯಾರಾಗುವವರೆಗೂ ಅವನ ಬೆರಳುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು.

"ಯಜಮಾನ್ರೇ, ನಾನೇನು ಅದನ್ನ ನುಂಗ್ತೀನಾ?" ಎಂದ ಲೇತ್‌ನವನು.

"ನುಂಗಿದ್ರೆ ಕಕ್ಕಿಸ್ಬಹುದು. ಒಳಗಿನ ಗಾಜು ಬದಲಾಯಿಸಿದ್ರೆ?" ಎಂದರು ಮಾವ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ಮೊದಲ ಬಳೆ ಕೂದಲೆಳೆಯಷ್ಟು ಹೆಚ್ಚು ದಪ್ಪವಾಯಿತು, ಎದುರಿನ ಕಟ್ಟಡ ಎಷ್ಟು ತಿರುಗಿಸಿದರೂ ಸ್ಪಷ್ಟವಾಗಲಿಲ್ಲ. ಹತ್ತಿರದ ಸಾಮಾನಿಗೆ ಅದೇ ಸಾಕು ಎಂದು ಚುಕ್ಕಿ ಹೇಳಿದರೂ ಮಾವ ಒಪ್ಪದೆ ಮತ್ತೆ ಉಜ್ಜಿಸಿದರು. ಕಡೆಗೆ ಲೆನ್ಸು ಕ್ಯಾಮೆರಾದ ಮೇಲೆ ಟಕ್ಕೆಂದು ಕೂತಿತು. ಚುಕ್ಕಿ ಗುಂಡಿ ಒತ್ತಿದಳು. ಕ್ಯಾಮೆರಾ ಫೋಟೋ ತೆಗೆಯಲಿಲ್ಲ. ಪರದೆಯ ಮೇಲೆ 'ಲೆನ್ಸ್ ಇಲ್ಲ' ಎಂದು ಬಂತು.

"ನೋಡಿದ್ಯಾ? ಏನೋ ಮಾಡಿಬಿಟ್ಟ ಇವನು," ಎಂದರು ಮಾವ.

"ಇಲ್ಲ ಮಾವ. ಲೆನ್ಸು ಈ ಕ್ಯಾಮೆರಾ ಜೊತೆ ಮಾತಾಡಲ್ಲ ಅಲ್ವಾ, ಅದಕ್ಕೆ ಏನೂ ಇಲ್ಲ ಅಂದ್ಕೊಂಡಿದೆ." ಚುಕ್ಕಿ ಮೆನುವಿನಲ್ಲಿ ಹುಡುಕಿ, ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ ಎಂಬ ಆಯ್ಕೆ ಒತ್ತಿದಳು. ಈ ಸಲ ಕ್ಯಾಮೆರಾ ಮಾತು ಕೇಳಿತು. ಲೇತ್‌ನವನ ಕೈಯ ಫೋಟೋ ಬಂತು. ಉಗುರಿನ ಸಂದಿಯ ಎಣ್ಣೆ ಜಿಡ್ಡೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಲೆನ್ಸು ಒಂಟಿಯಾಗಿ ಎಲ್ಲಿಗೂ ಹೋಗಕೂಡದು ಎಂಬುದು ಮಾವನ ಷರತ್ತು. ಹೀಗಾಗಿ ಕೆಲಸ ಶುರುವಾದ ದಿನ ಅವರೂ ಸಂಗ್ರಹಾಲಯದ ಗೇಟಿನಲ್ಲಿ ಸಹಿ ಹಾಕಿ, ಫೋಟೋ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. "ಏನನ್ನೂ ಮುಟ್ಟಬೇಡಿ ಮಾವ, ಕ್ಯಾಮೆರಾನೂ ಬೇಡ," ಎಂದು ಚುಕ್ಕಿ ಹೇಳಿಯೇ ಒಳಗೆ ಕರೆದೊಯ್ದಿದ್ದಳು.

ಅವತ್ತು ಬಂದ ವಸ್ತುಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಗಾಜಿನ ಹೂಜಿ. ತೆಳು ಹಸಿರು ಬಣ್ಣ, ಈರುಳ್ಳಿ ಸಿಪ್ಪೆಯಂಥ ಮೈ, ಪಕ್ಕಕ್ಕೊಂದು ಬಾಗಿದ ಹಿಡಿ. ಅದನ್ನು ತಂದಿಟ್ಟವರು ಡಾಕ್ಟ್ರು. ನಿಜವಾದ ಡಾಕ್ಟರಲ್ಲ. ಹಳೆಯ ವಸ್ತುಗಳನ್ನು ತೊಳೆದು, ಅಂಟಿಸಿ, ಗುಣಪಡಿಸುತ್ತಿದ್ದರಿಂದ ಅಲ್ಲಿನವರೆಲ್ಲ ಹಾಗೆ ಕರೆಯುತ್ತಿದ್ದರು. ಮೆದು ಮಾತಿನ ಮನುಷ್ಯ. ಕೈಗವಸು ಹಾಕಿಕೊಂಡು ಹೂಜಿಯನ್ನು ಮೇಜಿನ ಮೇಲಿಟ್ಟು, ಹಿಡಿ ಹಿಂದಕ್ಕೆ ಬರುವಂತೆ ತಿರುಗಿಸಿ, "ಮೊನ್ನೆಯಷ್ಟೇ ತೊಳೆದಿದ್ದೀನಿ, ಹುಷಾರು," ಎಂದು ಹೇಳಿ ಹೋದರು.

ಚುಕ್ಕಿ ಮುಂದಿನಿಂದ ಕೆಲವು ಫೋಟೋ ತೆಗೆದಳು. ನಡುವೆ ಕಪ್ಪು ಬಟ್ಟೆ ತರಲು ಉಗ್ರಾಣಕ್ಕೆ ಹೋಗಿ ಬಂದಳು. ಆಮೇಲೆ ತಾನೂ ಕೈಗವಸು ಹಾಕಿಕೊಂಡು ಹೂಜಿಯನ್ನು ತಿರುಗಿಸಿ ಹಿಡಿಯ ಕಡೆಯಿಂದ ತೆಗೆದಳು. ಅವತ್ತಿನ ಕೆಲಸ ಮುಗಿಯಿತು. ಉಳಿದ ವಸ್ತುಗಳಿಗೆ ಬೇಕೆಂದು ಮಾವ ಲೆನ್ಸನ್ನು ಆ ಕೋಣೆಯ ಬೀರುವಿನಲ್ಲೇ ಇಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಜೇಬಿಗೆ ಸೇರಿಸಿದರು.

ಮುಂದಿನ ವಾರ ಗಲಾಟೆಯಾಯಿತು. ಹೂಜಿಯನ್ನು ಪೆಟ್ಟಿಗೆಗೆ ತುಂಬುವಾಗ ಹಿಡಿಯ ಬುಡದಲ್ಲಿ ಬಿರುಕು ಕಂಡಿತು. ತುಂಬುತ್ತಿದ್ದವರು ಪ್ಯಾಕಿಂಗ್ ಅಕ್ಕ. ಚುಕ್ಕಿ ಕೆಲಸಕ್ಕೆ ಸೇರಿದ ದಿನದಿಂದ ಮಧ್ಯಾಹ್ನದ ಊಟಕ್ಕೆ ಜೊತೆಯಾದವರು, ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ನಗು. ಅವತ್ತು ಆ ದನಿ ಉಡುಗಿಹೋಗಿತ್ತು.

"ನಾನು ಹತ್ತಿ ಸುತ್ತೋಕೆ ಅಂತ ಎತ್ತಿದೆ ಅಷ್ಟೇ ಕಣೇ. ಎತ್ತಿದಾಗ್ಲೇ ಗೆರೆ ಕಾಣಿಸ್ತು. ಕೂಗಿ ಕರೆದವಳೂ ನಾನೇ. ಈಗ ನಾನೇ ಒಡೆದೆ ಅಂತಾರೆ."

ಚುಕ್ಕಿ ಓಡಿಹೋಗಿ ತನ್ನ ಫೋಟೋಗಳನ್ನು ತೆರೆದು ದೊಡ್ಡದು ಮಾಡಿ ನೋಡಿದಳು. ಹಿಡಿಯ ಬುಡದಲ್ಲಿ ಕೂದಲಿನಂಥ ಗೆರೆ ಇತ್ತು! ಅಕ್ಕ ಮುಟ್ಟುವ ಮೊದಲೇ ಬಿರುಕು ಇತ್ತು ಎಂದಾಯಿತು. ಅವಳು ಸಂತೋಷದಿಂದ ಅದನ್ನು ನಿರ್ದೇಶಕಿಯ ಕೋಣೆಗೆ ಒಯ್ದಳು.

ನಿರ್ದೇಶಕಿ ಮೇಡಂ ಫೋಟೋವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದರ ಪಕ್ಕದ ವಿವರಗಳನ್ನು ನೋಡಿದರು.

"ಇದೇನಿದು? ಲೆನ್ಸ್ ಅನ್ನೋ ಕಡೆ ಬರೀ ಗೆರೆ ಇದೆ. ಅಪರ್ಚರ್, ಲೆನ್ಸಿನ ಕಂಡಿ ತೆರೆಯೋ ಅಳತೆ, ಸೊನ್ನೆ ಅಂತಿದೆ. ನಿಮ್ಮ ಹಿಂದಿನ ಯಾವ ಫೋಟೋದಲ್ಲೂ ಹೀಗಿಲ್ಲವಲ್ಲ?"

"ಹಳೇ ಲೆನ್ಸ್ ಮೇಡಂ. ಅಡಾಪ್ಟರ್ ಹಾಕಿ ಕೂರಿಸಿದ್ದು. ಕ್ಯಾಮೆರಾಗೆ ಅದರ ವಿಷಯ ಗೊತ್ತಾಗಲ್ಲ."

"ಲೆನ್ಸೇ ಇಲ್ಲದೆ ತೆಗೆದ ಫೋಟೋ ಅಂತ ಮೆಷೀನೇ ಹೇಳ್ತಿದೆ. ಗೆಳತೀನ ಉಳಿಸೋಕೆ ಕಂಪ್ಯೂಟರಲ್ಲಿ ಒಂದು ಗೆರೆ ಎಳೆಯೋದು ಏನು ಕಷ್ಟ ನಿಮಗೆ?" ಮೇಡಂ ಕನ್ನಡಕ ತೆಗೆದಿಟ್ಟರು. "ಅಥವಾ ಫೋಟೋ ನಿಜಾನೇ ಅಂತ ಇಟ್ಕೊಳ್ಳೋಣ. ಹಾಗಾದ್ರೆ ಬಿರುಕು ಬಿಟ್ಟಿದ್ದು ನಿಮ್ಮ ಮೇಜಿನ ಮೇಲೆ ತಾನೇ? ಅವತ್ತು ಆ ಕೋಣೇಲಿ ಇದ್ದವರು ಯಾರ್ಯಾರು?"

ಅಕ್ಕನನ್ನು ಮೇಲಕ್ಕೆ ಎಳೆಯುತ್ತೇನೆಂದು ಹೋಗಿ ಚುಕ್ಕಿ ತಾನೇ ಹಳ್ಳಕ್ಕೆ ಬಿದ್ದಿದ್ದಳು.

ಹೊರಗೆ ವರಾಂಡದಲ್ಲಿ ಡಾಕ್ಟ್ರು ಕಾದಿದ್ದರು. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು. "ನೀವು ಒಡೆಯೋರಲ್ಲ ಅಂತ ನನಗೆ ಗೊತ್ತಮ್ಮ. ಆದ್ರೆ ನಿಮ್ಮ ಮಾವನವರು ಇದ್ರಲ್ಲ. ವಯಸ್ಸಾಗಿದೆ. ನೀವು ಹೊರಗೆ ಹೋದಾಗ ಏನೋ ಕುತೂಹಲಕ್ಕೆ ಎತ್ತಿ ನೋಡಿರಬಹುದು. ನಾನಂತೂ ಮೇಡಂ ಹತ್ರ ಅವರ ಹೆಸರು ಎತ್ತೋಲ್ಲ."

ಅಷ್ಟು ಹೇಳಿ ಅವರು ಹೊರಟುಹೋದರು. ತಲೆಯಲ್ಲಿ ಬಿಟ್ಟ ಹುಳ ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಕೂತ ಚುಕ್ಕಿ ಆ ದಿನವನ್ನು ತಿರುವಿ ತಿರುವಿ ನೋಡಿದಳು. ಉಗ್ರಾಣಕ್ಕೆ ಹೋಗುವಾಗ ಮಾವ ಕುರ್ಚಿಯಲ್ಲಿ ಕೂತಿದ್ದರು. ಬಂದಾಗ ಮೇಜಿನ ಪಕ್ಕ ನಿಂತಿದ್ದರು. "ಕಾಲು ಜೋಮು ಹಿಡೀತು," ಎಂದಿದ್ದರು, ಅವಳು ಕೇಳುವ ಮೊದಲೇ. ಕೇಳುವ ಮೊದಲೇ ಯಾಕೆ ಹೇಳಿದರು? ವಾಪಸು ಹೋಗುವಾಗ ದಾರಿಯುದ್ದಕ್ಕೂ ಮಾತಿಲ್ಲ. ಲೆನ್ಸಿನ ಬಗ್ಗೆ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಮಾವನನ್ನು ಅವಳು ಎಂದೂ ಕಂಡವಳಲ್ಲ.

ಇಳಿಯಬೇಕಾದ ನಿಲ್ದಾಣ ಬಿಟ್ಟು ಅವಳು ಮಾವನ ಮನೆಯ ಹತ್ತಿರ ಇಳಿದಳು. ಮಾವ ಹೊರಗೆ ಹೋಗಿದ್ದರು. ಅತ್ತೆ ಟೀ ಕೊಟ್ಟು, ಕೇಳದೆಯೇ ದೂರಿದರು. "ಇವರ ಕೈ ಈಚೆಗೆ ನಡುಗುತ್ತಮ್ಮ. ಮೊನ್ನೆ ಒಂದು ಗಾಜಿನ ಲೋಟ ಒಡೆದು, ಚೂರೆಲ್ಲ ಪೇಪರಲ್ಲಿ ಸುತ್ತಿ ಬೀರು ಹಿಂದೆ ಬಚ್ಚಿಟ್ಟಿದ್ದರು. ಕೇಳಿದ್ರೆ ಬೆಕ್ಕು ಒಡೀತಂತೆ. ನಮ್ಮನೇಲಿ ಬೆಕ್ಕೆಲ್ಲಿದೆ?"

ಚುಕ್ಕಿ ಟೀಯನ್ನು ಕುಡಿಯದೆ ಕೆಳಗಿಟ್ಟಳು.

ಮಾವ ಬಂದರು. ಚಪ್ಪಲಿ ಬಿಡುತ್ತಲೇ ಅವಳ ಮುಖ ನೋಡಿ, "ಲೆನ್ಸಿಗೆ ಏನಾಯ್ತು?" ಎಂದರು.

"ಲೆನ್ಸಿಗೆ ಏನೂ ಆಗಿಲ್ಲ. ಹೂಜಿ ಬಿರುಕು ಬಿಟ್ಟಿದೆ ಮಾವ." ಅವಳು ತಡವರಿಸಿದಳು. "ನಾನು ಹೊರಗೆ ಹೋದಾಗ ನೀವೇನಾದ್ರೂ ಮುಟ್ಟಿದ್ರಾ?"

ಮಾವ ಬಿಟ್ಟ ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, "ಮುಟ್ಟಿದೆ," ಎಂದರು.

ಅತ್ತೆ ಬಾಯಿಗೆ ಸೆರಗು ಹಿಡಿದರು.

"ಕ್ಯಾಮೆರಾನ ಮುಟ್ಟಿದೆ. ಹೂಜಿನಲ್ಲ. ಒಂದೇ ಒಂದು ಫೋಟೋ ತೆಗೆದೆ. ನನ್ನ ಲೆನ್ಸು, ಎಷ್ಟು ವರ್ಷ ಆಗಿತ್ತು ಅದರಲ್ಲಿ ಕಣ್ಣಿಟ್ಟು. ನೀನು ಮುಟ್ಟಬೇಡಿ ಅಂದಿದ್ದೆ, ಅದಕ್ಕೇ ಹೇಳಲಿಲ್ಲ."

"ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಮುಂದಿನಿಂದ ನೋಡ್ತಿತ್ತಲ್ಲ ಮಾವ."

"ಸ್ಟ್ಯಾಂಡನ್ನ ಪಕ್ಕಕ್ಕೆ ಜರುಗಿಸಿ, ಆಮೇಲೆ ಇದ್ದಲ್ಲೇ ಇಟ್ಟೆ. ನಿನ್ನ ದೀಪಗಳನ್ನ ಆರಿಸಿದ್ದೆ. ಕಿಟಕಿ ಬೆಳಕು ಆ ಹಿಡಿ ಬುಡದಲ್ಲಿ ಬೇರೆ ಥರ ಮುರೀತಿತ್ತು. ಒಂದು ಹಳದಿ ಗೆರೆ ಕಾಣ್ತಿತ್ತು. ಚೆನ್ನಾಗಿದೆ ಅನ್ನಿಸಿ ತೆಗೆದೆ." ಅವರು ಅವಳನ್ನೇ ನೋಡಿದರು. "ನಾನು ಒಡೆದೆ ಅಂದ್ಕೊಂಡ್ಯಾ?"

ಚುಕ್ಕಿ ಇಲ್ಲ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಲೋಟ ಒಡೆದು ಬಚ್ಚಿಟ್ಟಿದ್ರಂತೆ..."

ಮಾವ ಹೆಂಡತಿಯ ಕಡೆ ಒಮ್ಮೆ, ಚುಕ್ಕಿಯ ಕಡೆ ಒಮ್ಮೆ ನೋಡಿ, ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಇಬ್ಬರಿಗೂ ಕೇಳಿಸಿತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಚುಕ್ಕಿ ಕೆಲಸಕ್ಕೆ ಹೋಗಿ ಆ ದಿನದ ಫೋಟೋಗಳನ್ನು ಮತ್ತೆ ತೆರೆದಳು. ನಿಜ, ಒಂದು ಕತ್ತಲೆ ಕತ್ತಲೆ ಫೋಟೋ ಇತ್ತು. ಅವತ್ತು ಅವಳು ಅದನ್ನು ನೋಡಿಯೂ ಇದ್ದಳು. ಕೈ ತಾಕಿ ತಾನಾಗಿ ಬಿದ್ದದ್ದೆಂದು ಹಾಗೆಯೇ ಬಿಟ್ಟಿದ್ದಳು. ಈಗ ಬೆಳಕು ಹೆಚ್ಚಿಸಿ ನೋಡಿದಳು. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಿತ್ತು. ಹೂಜಿಯ ಮೈಯೆಲ್ಲ ಮಂಜಿನಂತೆ ಕರಗಿ, ಹಿಡಿಯ ಬುಡವೊಂದೇ ಸ್ಪಷ್ಟವಾಗಿತ್ತು. ಅಲ್ಲಿ ಬಿರುಕು. ಬಿರುಕಿನ ಉದ್ದಕ್ಕೂ ಹಳೆಯ ಜೇನಿನ ಬಣ್ಣದ, ಹರಳುಗಟ್ಟಿದ ಏನೋ ಒಂದು. ಅವಳ ಬಿಳಿ ದೀಪಗಳಲ್ಲಿ ತೆಗೆದ ಫೋಟೋಗಳಲ್ಲಿ ಆ ಬಣ್ಣ ತೊಳೆದಂತೆ ಮಾಯವಾಗಿತ್ತು.

ಆಗಲೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಮಾವ ಮೊದಲು ಒಡೆದು ಆಮೇಲೆ ತೆಗೆದಿದ್ದರೆ? ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಹೊಸದಾಗಿ ಒಡೆದ ಗಾಜಿನ ಸಂದಿಯಲ್ಲಿ ಈ ಹಳದಿ ಎಲ್ಲಿಂದ ಬಂತು?

ಅವಳು ಅತ್ತೆಗೆ ಫೋನ್ ಮಾಡಿ ಬೇಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಮಾವ ಗೇಟಿನಲ್ಲಿ ಇಳಿದರು. ಅವಳ ಜೊತೆ ಮಾತಾಡಲಿಲ್ಲ. "ನನ್ನ ಲೆನ್ಸ್ ಮೇಲೆ ಅಪವಾದ ಬಂದಿದೆಯಂತೆ," ಎಂದು ಕಾವಲುಗಾರನಿಗೆ ಹೇಳಿ ಒಳಗೆ ನಡೆದರು.

ನಿರ್ದೇಶಕಿಯ ಕೋಣೆಯಲ್ಲಿ ಪ್ಯಾಕಿಂಗ್ ಅಕ್ಕ, ಡಾಕ್ಟ್ರು ಇಬ್ಬರನ್ನೂ ಕರೆಸಲಾಗಿತ್ತು. ಮೇಜಿನ ಮೇಲೆ ಹತ್ತಿಯ ದಿಂಬಿನ ಮೇಲೆ ಹೂಜಿ. ಚುಕ್ಕಿ ಮಾವನ ಫೋಟೋ ತೆರೆದಿಟ್ಟಳು.

"ಇದರಲ್ಲೂ ಲೆನ್ಸ್ ಇಲ್ಲ," ಎಂದರು ಮೇಡಂ.

"ಇಲ್ಲ ಅಂತ ಯಾರು ಹೇಳಿದ್ದು?" ಮಾವ ಕೇಳಿದರು.

"ಕ್ಯಾಮೆರಾನೇ ಹೇಳ್ತಿದೆಯಲ್ರೀ."

"ಅದು ನಿನ್ನೆ ಮೊನ್ನೆ ಹುಟ್ಟಿದ್ದು. ತನ್ನ ಕುಲದ್ದಲ್ಲದ್ದನ್ನ ಕಂಡ್ರೆ ಇಲ್ಲವೇ ಇಲ್ಲ ಅನ್ನುತ್ತೆ. ಕೊಡಿ ಇಲ್ಲಿ."

ಅವರು ಬೀರುವಿನ ಬೀಗ ತೆಗೆದು ತಂದಿದ್ದ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸಿದರು. ಕೈ ನಡುಗುತ್ತಿದ್ದುದು ಎಲ್ಲರಿಗೂ ಕಂಡಿತು. ಮೇಡಮ್ಮರ ಮೇಜಿನ ಮೇಲಿದ್ದ ಪೆನ್ನಿನ ಫೋಟೋ ತೆಗೆದರು. ಚುಕ್ಕಿ ಅದನ್ನು ಕಂಪ್ಯೂಟರಿಗೆ ಹಾಕಿದಳು. ಲೆನ್ಸ್ ಎಂಬಲ್ಲಿ ಬರೀ ಗೆರೆ, ಅಪರ್ಚರ್ ಸೊನ್ನೆ. ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಸಂಗ್ರಹಾಲಯದ ಬೇರೆ ಲೆನ್ಸ್ ಹಾಕಿಸಿ ಅದೇ ಪೆನ್ನಿನ ಫೋಟೋ ತೆಗೆಸಿದರು, ವಿವರ ಬಂತು. ಮತ್ತೆ ಹಳೆಯದನ್ನು ಹಾಕಿ, ಈ ಸಲ ಗುಂಡಿಯನ್ನು ತಾವೇ ಒತ್ತಿದರು. ಮತ್ತೆ ಗೆರೆ.

"ಸರಿ," ಎಂದರು ಕೊನೆಗೆ. "ಫೋಟೋ ನಿಜ. ಒಡೆದದ್ದು ಯಾರು?"

ಪ್ಯಾಕಿಂಗ್ ಅಕ್ಕ ಪರದೆಯ ಹತ್ತಿರ ಬಗ್ಗಿದ್ದವರು ಹಾಗೆಯೇ ಕೇಳಿದರು. "ಮೇಡಂ, ಈಗ ತಾನೇ ಒಡೆದ ಗಾಜಿನ ಒಳಗೆ ಹಳದಿ ಇರುತ್ತಾ?"

ಮೇಡಂ ಭೂತಗನ್ನಡಿ ತೆಗೆದು ಹೂಜಿಯ ಮೇಲೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಡಾಕ್ಟ್ರ ಕಡೆ ಚಾಚಿದರು. "ನೀವು ನೋಡಿ ಹೇಳಿ."

ಡಾಕ್ಟ್ರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಅಂಟು," ಎಂದರು. "ಹಳೇ ಅಂಟು. ಯಾವ ಕಾಲದಲ್ಲೋ ಯಾರೋ ಹಿಡಿ ಮುರಿದು ಅಂಟಿಸಿದ್ರು. ಯಾವ ದಾಖಲೇಲೂ ಇರಲಿಲ್ಲ. ನಾನು ತೊಳೆಯೋವಾಗ ಅದು ಮೆತ್ತಗಾಗಿ ಬಿಟ್ಟುಕೊಳ್ತು. ಒತ್ತಿ ಹಿಡಿದೆ, ನಿಂತಿತು. ನಿಂತಿದೆಯಲ್ಲ ಅಂತ ಸುಮ್ಮನಾದೆ."

"ಹಿಡೀನ ಹಿಂದಕ್ಕೆ ತಿರುಗಿಸಿ ಇಟ್ಟದ್ದೂ ಅದಕ್ಕೇನಾ?" ಚುಕ್ಕಿ ಕೇಳಿದಳು. "ನಮ್ಮ ಮಾವನ ಹೆಸರು ಹೇಳಿದ್ದೂ ಅದಕ್ಕೇನಾ?"

ಡಾಕ್ಟ್ರು ತಲೆ ತಗ್ಗಿಸಿದರು. ತಿಳಿಸಿದ್ದರೆ ತಪ್ಪೇ ಅಲ್ಲದ ಸಂಗತಿ ಅದು. ಹಳೆಯ ಬೆಸುಗೆ ಬಿಡುವುದು ಆ ಕೆಲಸದಲ್ಲಿ ಇರುವುದೇ. ಮುಚ್ಚಿಟ್ಟು, ಒಬ್ಬರಾದ ಮೇಲೆ ಒಬ್ಬರ ತಲೆಗೆ ಕಟ್ಟಲು ಹೋಗಿ ಅದು ತಪ್ಪಾಗಿತ್ತು. ಆ ವಾರವೇ ಅವರನ್ನು ಗಾಜಿನ ವಿಭಾಗದಿಂದ ತೆಗೆದರು. ಕೆಲವು ದಿನ ಬಿಟ್ಟು ಅವರು ಕೆಲಸವನ್ನೇ ಬಿಟ್ಟರು. ಮೇಡಂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಹೊರಗಿನವರು ಫೋಟೋ ಕೋಣೆಗೆ ಬರಕೂಡದು ಎಂದು ಮಾತ್ರ ಆಜ್ಞೆಯಾಯಿತು. ಪ್ಯಾಕಿಂಗ್ ಅಕ್ಕ ಊಟದ ಹೊತ್ತಿನಲ್ಲಿ ಮತ್ತೆ ನಗತೊಡಗಿದರು. ಆದರೆ ಯಾವ ವಸ್ತು ಕೈಗೆ ಬಂದರೂ ಈಗ ಇಬ್ಬರನ್ನು ಸಾಕ್ಷಿಗೆ ಕರೆಯದೆ ಎತ್ತುತ್ತಿರಲಿಲ್ಲ.

ಅವತ್ತು ಮಾವನನ್ನು ಬಸ್ಸಿಗೆ ಹತ್ತಿಸಲು ಹೋದ ಚುಕ್ಕಿ, "ತಪ್ಪಾಯ್ತು ಮಾವ," ಎಂದಳು. "ಆ ಮನುಷ್ಯ ಅಷ್ಟು ನಯವಾಗಿ ಹೇಳಿದ..."

"ಅವನು ಹೇಳಿದ, ನೀನು ಕೇಳಿದೆ," ಎಂದರು ಮಾವ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ. "ಊರನ್ನೆಲ್ಲ ಅನುಮಾನಿಸೋದು ನನ್ನ ಜಾಯಮಾನ. ಹುಟ್ಟಿದಾಗಿಂದ ಹೀಗೇ. ನಿನಗೆ ಯಾಕಮ್ಮ ಅಂಟ್ಕೊಳ್ತು?"

ಬಸ್ಸು ಬಂತು. ಉಳಿದ ಕೆಲಸ ಮುಗಿಯಲಿ ಎಂದು ಲೆನ್ಸನ್ನು ಅವಳ ಹತ್ತಿರವೇ ಬಿಟ್ಟು ಅವರು ಹತ್ತಿದರು, ತಿರುಗಿ ನೋಡಲಿಲ್ಲ.

ಆಮೇಲೆ ಎಷ್ಟೋ ವಾರ ಮಾವ ಅವಳೊಂದಿಗೆ ನೇರ ಮಾತಾಡಲಿಲ್ಲ. ಮನೆಗೆ ಹೋದರೆ ಅತ್ತೆಯ ಮೂಲಕ, "ಅವಳಿಗೆ ಕೂರೋಕೆ ಹೇಳು," ಎನ್ನುವರು. ಹೊರಟರೆ, "ಮಳೆ ಬರೋ ಹಾಗಿದೆ ಅಂತ ಹೇಳು." ಚುಕ್ಕಿ ಇವತ್ತಾದರೂ ಕರಗಿಯಾರು ಎಂದು ಹೋಗುತ್ತಿದ್ದಳು, ಗೋಡೆಗೆ ಹೇಳಿದಂತೆ ಹೇಳಿ ಬರುತ್ತಿದ್ದಳು. ಲೆನ್ಸ್ ಒಯ್ದುಕೊಟ್ಟರೆ ಅವರು ಅವಳ ಎದುರಿಗೇ ಬೆಳಕಿಗೆ ಹಿಡಿದು, ಗಾಜು ಬದಲಾಗಿಲ್ಲ ಎಂದು ನೋಡಿಕೊಂಡೇ ಒಳಗಿಟ್ಟರು. ಆ ನೋಟ ಚುಕ್ಕಿಗೆ ಚುಚ್ಚಿತು. ಬೇರೆಯವರ ಕೈಯಿಂದ ತೆಗೆದುಕೊಂಡಾಗ ಅವರು ಯಾವಾಗಲೂ ಹಾಗೆ ನೋಡುತ್ತಿದ್ದರು. ಅವಳ ಕೈಯಿಂದ ತೆಗೆದುಕೊಂಡಾಗ ಎಂದೂ ನೋಡಿದ್ದಿಲ್ಲ.

ಹೂಜಿಯ ಹಿಡಿಯನ್ನು ಬೇರೆ ಕಡೆಯಿಂದ ಬಂದ ತಜ್ಞೆಯೊಬ್ಬಳು ಹಳೆಯ ಅಂಟು ಬಿಡಿಸಿ ಮತ್ತೆ ಕೂಡಿಸಿದಳು. ಅದು ಪ್ರದರ್ಶನಕ್ಕೆ ಹೋಗಲಿಲ್ಲ, ಅಲ್ಲೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಉಳಿಯಿತು. ಆ ಸುದ್ದಿ ಅತ್ತೆಯ ಕಿವಿಗೆ ಬಿದ್ದ ಮರುದಿನ ಚುಕ್ಕಿಯ ಫೋನು ಹೊಡೆದುಕೊಂಡಿತು. ಮಾವನದೇ ದನಿ. ಕ್ಷೇಮ ಸಮಾಚಾರ ಏನೂ ಇಲ್ಲ.

"ಆ ಹಳದಿ ಪೂರಾ ಹೋಯ್ತಾ?"

"ಹೋಯ್ತು ಮಾವ."

"ಗೆರೆ ಕಾಣುತ್ತಾ?"

"ಪಕ್ಕದಿಂದ ನೋಡಿದ್ರೆ ಸ್ವಲ್ಪ."

"ಫೋಟೋ ತೆಗೆದ್ಯಾ?"

"ತೆಗೆದೆ."

ಆ ಕಡೆ ಕುರ್ಚಿ ಎಳೆದ ಸದ್ದು, ಅತ್ತೆ ಏನೋ ಗೊಣಗಿದ ಸದ್ದು. "ಕಳಿಸು ನೋಡೋಣ," ಎಂದರು ಮಾವ. "ನೀನು ಬಾಯಲ್ಲಿ ಹೇಳಿದ್ದನ್ನ ಹೇಗೆ ನಂಬೋದು?"

ತಮಾಷೆಗೋ ನಿಜಕ್ಕೋ, ಚುಕ್ಕಿಗೆ ಗೊತ್ತಾಗಲಿಲ್ಲ. ಕಳಿಸಿದಳು. ಸಂಜೆಯ ಹೊತ್ತಿಗೆ ಮತ್ತೆ ಫೋನು ಬಂತು. ಫೋಕಸ್ ಒಂಚೂರು ಹಿಂದಕ್ಕೆ ಬಿದ್ದಿದೆ, ಇಷ್ಟು ದಿನ ಕಲಿತದ್ದೇನು, ಕಣ್ಣು ಎಲ್ಲಿಟ್ಟಿದ್ದೆ ಎಂದು ಮಾವ ಬಾಯಿಗೆ ಬಂದಂತೆ ಬೈದರು. ಚುಕ್ಕಿ ನಡುವೆ ಬಾಯಿ ಹಾಕದೆ, ಬೈಗುಳ ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದಳು.